ಜನ ಓದೋ ಹಾಗೆ ಬರೀಬೇಕು ಅಂದ್ಯಲ್ಲ

ಪ್ರೀತಿಯ ತಂಗಿ,

ನಿನ್ನ ಮೆಸೇಜ್ ಓದಿದೆ. ಎಷ್ಟು ಕಷ್ಟಪಟ್ಟು ಬರೆದ್ರೂ ಯಾರೂ ಓದಲ್ಲ, ಜನಕ್ಕೆ ಬೇಕಾದ್ದನ್ನೇ ಬರೆದ್ಬಿಡ್ಲಾ ಅಂತ ಕೇಳಿದ್ಯಲ್ಲ, ಅದಕ್ಕೆ ನಂಗೆ ತಕ್ಷಣ ನೆನಪಾಗಿದ್ದು ಬ್ರಿಟನ್ನಿನ ಪತ್ರಿಕೆ ಮಾಲೀಕ ಲಾರ್ಡ್ ನಾರ್ತ್‌ಕ್ಲಿಫ್.

ಮೂಲ ಹೆಸರು ಆಲ್ಫ್ರೆಡ್ ಹಾರ್ಮ್ಸ್‌ವರ್ತ್, 1865ರಲ್ಲಿ ಡಬ್ಲಿನ್ ಹತ್ರ ಹುಟ್ಟಿದೋನು. 1888ರಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡೋ ವಾರಪತ್ರಿಕೆ ಶುರು ಮಾಡ್ದ, ಮರುವರ್ಷ ಒಂದು ಸ್ಪರ್ಧೆ ಇಟ್ಟ, ಇಂಥ ದಿನ ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಎಷ್ಟು ಚಿನ್ನ ಇರುತ್ತೆ ಹೇಳಿ, ಗೆದ್ದೋರಿಗೆ ಬದುಕಿರೋವರೆಗೂ ವಾರಕ್ಕೊಂದು ಪೌಂಡ್. ಉತ್ತರದ ಜೊತೆ ಐದು ಜನ ಸಾಕ್ಷಿಗಳ ಸಹಿ ಬೇಕಿತ್ತು, ಅಂದ್ರೆ ಒಬ್ಬ ಆಡಿದ್ರೆ ಇನ್ನೈದು ಜನಕ್ಕೆ ಪತ್ರಿಕೆ ಹೆಸರು ಗೊತ್ತಾಗ್ತಿತ್ತು! 7 ಲಕ್ಷಕ್ಕೂ ಹೆಚ್ಚು ಉತ್ತರ ಬಂದ್ವು. ಆಮೇಲೆ 1896ರಲ್ಲಿ ಡೇಲಿ ಮೇಲ್ ಅನ್ನೋ ದಿನಪತ್ರಿಕೆ ಶುರು ಮಾಡ್ದ, ಬೆಲೆ ಅರ್ಧ ಪೆನ್ನಿ. ಚಿಕ್ಕ ಚಿಕ್ಕ ಸುದ್ದಿ, ಹೆಂಗಸರಿಗೆ ಅಂತಲೇ ಪುಟ, ಧಾರಾವಾಹಿ. ದೊಡ್ಡೋರು ಮೂಗು ಮುರಿದ್ರು, ಕೆಲಸಕ್ಕೆ ಹೋಗೋ ಗುಮಾಸ್ತರು ಕೊಂಡು ಓದಿದ್ರು. ಇಷ್ಟನ್ನ ನೀನು ಯಾವ ಸಂಕೋಚನೂ ಇಲ್ದೆ ಕಲಿ, ಸಾಮಾನ್ಯ ಓದುಗನ ಕುತೂಹಲಕ್ಕೆ ಅವನು ಕೊಟ್ಟಷ್ಟು ಮರ್ಯಾದೆ ಆಗ ಬೇರೆ ಯಾರೂ ಕೊಟ್ಟಿರ್ಲಿಲ್ಲ.

ಆದ್ರೆ 1900ರ ಜುಲೈನಲ್ಲಿ ಏನಾಯ್ತು ನೋಡು. ಪೀಕಿಂಗ್‌ನಲ್ಲಿ (ಚೀನಾದ ಈಗಿನ ಬೀಜಿಂಗ್) ವಿದೇಶಿ ರಾಯಭಾರ ಕಚೇರಿಗಳಿಗೆ ಮುತ್ತಿಗೆ ಬಿದ್ದಿತ್ತು, ಅಲ್ಲಿದ್ದ ಯುರೋಪಿಯನ್ನರೆಲ್ಲ ಕೊಲೆಯಾದ್ರು ಅಂತ ಡೇಲಿ ಮೇಲ್ ಭೀಕರವಾಗಿ ವರ್ಣಿಸಿ ಬರೀತು. ಅದನ್ನ ನಂಬಿ ಟೈಮ್ಸ್ ಪತ್ರಿಕೆ ತನ್ನದೇ ವರದಿಗಾರ ಮಾರಿಸನ್‌ಗೆ ಶ್ರದ್ಧಾಂಜಲಿ ಹಾಕ್ತು, ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಲ್ಲಿ ಪ್ರಾರ್ಥನೆಗೂ ತಯಾರಿ ನಡೀತು. ಮಾರಿಸನ್ ಬದುಕಿದ್ದ! ಮುತ್ತಿಗೆಯಲ್ಲಿದ್ದ ಬಹಳಷ್ಟು ಜನ ಬದುಕಿದ್ರು. ಆ ಕೆಲವು ದಿನ ಅವರ ಮನೆಯೋರು ಪಟ್ಟ ಸಂಕಟ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಸಿಟ್ಟು ಬರುತ್ತೆ.

1908ರಲ್ಲಿ ಆ ಟೈಮ್ಸ್ ಪತ್ರಿಕೆನೇ ಅವನು ಕೊಂಡ್ಕೊಂಡ. 1915ರ ಮೇ ತಿಂಗಳಲ್ಲಿ, ಮೊದಲ ಮಹಾಯುದ್ಧದ ಮಧ್ಯೆ, ಸೈನಿಕರಿಗೆ ಸರಿಯಾದ ಶೆಲ್ (ಫಿರಂಗಿ ಗುಂಡು) ಸಾಕಷ್ಟು ಸಿಕ್ತಿಲ್ಲ, ಇದು ಯುದ್ಧಮಂತ್ರಿ ಕಿಚನರ್ ತಪ್ಪು ಅಂತ ಡೇಲಿ ಮೇಲ್‌ನಲ್ಲಿ ಹಾಕಿಸ್ದ. ಕಿಚನರ್ ಅಂದ್ರೆ ಜನಕ್ಕೆ ದೇವರು ಆಗ. ಲಂಡನ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಪೇಪರ್ ಸುಟ್ರು, ಮಾರಾಟ ಬಿದ್ದೋಯ್ತು. ಆದ್ರೆ ಶೆಲ್ ಕೊರತೆ ನಿಜವಾಗಿತ್ತು, ಅದೇ ವರ್ಷ ಮಂತ್ರಿ ಲಾಯ್ಡ್ ಜಾರ್ಜ್ ಕೈಗೆ ಮದ್ದುಗುಂಡಿಗೇ ಅಂತ ಹೊಸ ಖಾತೆ ಬಂತು. ಅವನ ಅಧಿಕಾರದ ಹಸಿವು ನಂಗೆ ಇಷ್ಟ ಇಲ್ಲ, ಆದ್ರೂ ಓದುಗರು ಬಿಟ್ಟು ಹೋದ್ರೂ ಪರವಾಗಿಲ್ಲ ಅಂತ ನಿಂತ ಆ ನಾರ್ತ್‌ಕ್ಲಿಫ್ ಮೇಲೆ ನಂಗೆ ಗೌರವ ಇದೆ.

ಈಗ ನಿನ್ನ ಕೆರೆ ಒತ್ತುವರಿ ಲೇಖನಕ್ಕೆ ಬರ್ತೀನಿ. ಮೊದಲ ಪ್ಯಾರಾ ತೆಗೆದ್ಬಿಡು, ಮೂರನೇದು ಮೇಲೆ ತಾ, ವಾಕ್ಯ ಚಿಕ್ಕದು ಮಾಡು. ಸರ್ವೆ ನಂಬರ್ ಯಾರೋ ಹೇಳಿದ್ದು ಅಂದ್ಯಲ್ಲ, ತಾಲ್ಲೂಕು ಆಫೀಸಿಗೆ ಹೋಗಿ ಪಹಣಿ ನೀನೇ ಕಣ್ಣಾರೆ ನೋಡು. ಸರಿ ಇದ್ರೆ ಊರೋರು ಬೈದ್ರೂ ಹಾಕು. ಸೋಮವಾರದೊಳಗೆ ಕಳಿಸು, ಕಾಯ್ತಿರ್ತೀನಿ.

ನಿನ್ನ ಅಣ್ಣ