ಹೊಗೆ, ದುರ್ವಾಸನೆಯ ದೂರು ಕೊಡುವುದು ಯಾರಿಗೆ?

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಸದಸ್ಯರ ಗಮನಕ್ಕೆ: ತೈಲ ರಿಫೈನರಿಯ ಹೊಗೆ ಕಂಡರೆ ವಾಷಿಂಗ್ಟನ್‌ಗೆ ಬರೆದು ಕಾಯುತ್ತ ಕೂರಬೇಡಿ. 1970ರ ಶುದ್ಧ ವಾಯು ಕಾಯ್ದೆಯಡಿ ಕಾರ್ಖಾನೆಗಳಿಗೆ ಅನ್ವಯಿಸುವ ಹಲವು ಫೆಡರಲ್ ನಿಯಮಗಳ ಜಾರಿಯನ್ನು ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಸ್ಥಳೀಯ ಸಂಸ್ಥೆಗಳಿಗೆ ವಹಿಸಿದೆ. ನಮ್ಮಲ್ಲಿ ಆ ಹೊಣೆ 1955ರಲ್ಲಿ ಸ್ಥಾಪನೆಯಾದ ಬೇ ಏರಿಯಾ ವಾಯು ಜಿಲ್ಲೆ ಎಂಬ ವಾಯುಮಾಲಿನ್ಯ ನಿಯಂತ್ರಣ ಸಂಸ್ಥೆಯದು. ಸ್ಥಳ ತನಿಖೆಗೆ ಬರುವವರೂ ಅದರ ಅಧಿಕಾರಿಗಳೇ.

ಕೊಳೆತ ಮೊಟ್ಟೆಯಂಥ ಗಂಧಕದ ನಾತ ಗಾಳಿ ತಿರುಗಿದೊಡನೆ ಮಾಯವಾಗುತ್ತದೆ. ಆದ್ದರಿಂದ ಮೂಗಿಗೆ ಬಡಿದ ಕೂಡಲೇ ಕರೆ ಮಾಡಿ. ಸಮಯ, ಬೀದಿ, ಗಾಳಿಯ ದಿಕ್ಕು ತಿಳಿಸಿ. ಮರುದಿನ ಕೊಟ್ಟ ದೂರಿಗೆ ಬಲ ಕಡಿಮೆ.

ಅಧಿಕಾರ ವಹಿಸಿಕೊಟ್ಟ ಮಾತ್ರಕ್ಕೆ ಇಪಿಎ ಕೈತೊಳೆದುಕೊಂಡಿಲ್ಲ. ಜಿಲ್ಲೆ ಸುಮ್ಮನಿದ್ದರೆ ತಾನೇ ಕ್ರಮ ಕೈಗೊಳ್ಳಬಹುದು. ಇದು ನಮಗೆ ದೊಡ್ಡ ಆಸರೆ.

ರಿಚ್‌ಮಂಡ್, ಮಾರ್ಟಿನೆಜ್ ಕಡೆಯವರು ಜಿಲ್ಲೆಯ ದೂರು ಸಂಖ್ಯೆಯನ್ನು ದಯವಿಟ್ಟು ಇಂದೇ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ: 1-800-334-6367.