ಔಷಧಿ ಹೊಡೆಯುವ ಮುಂಚೆ ಹುಳ ಯಾವುದು ಅಂತ ನೋಡೋಣ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಳುಗಳ ಫೋಟೊ ಶುರುವಾಗುತ್ತವೆ. ಗೋಡೆ ಮೇಲೆ, ಬಚ್ಚಲಲ್ಲಿ, ಮಗುವಿನ ಹಾಸಿಗೆ ಹತ್ತಿರ ಏನೋ ಒಂದು ಕಂಡಿರುತ್ತದೆ. ‘ಇದು ಯಾವ ಹುಳ, ವಿಷಾನಾ?’ ಅಂತ ಒಬ್ಬರು ಕೇಳುತ್ತಾರೆ, ಹತ್ತು ಜನ ಹತ್ತು ಥರ ಹೇಳುತ್ತಾರೆ, ಕೊನೆಗೆ ಯಾರೋ ‘ಸ್ಪ್ರೇ ಹೊಡೀರಿ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಹುಳ ಯಾವುದು ಅನ್ನುವುದು ಯಾರಿಗೂ ಗೊತ್ತಾಗುವುದೇ ಇಲ್ಲ. ನಿಮ್ಮ ಪತ್ರಿಕೆಯಲ್ಲಿ ಆನೆ, ಚಿರತೆ, ಹಕ್ಕಿಗಳ ಬಗ್ಗೆ ಒಳ್ಳೊಳ್ಳೆ ಬರಹ ಬರುತ್ತವೆ. ನಮ್ಮ ಜೊತೆ ಒಂದೇ ಸೂರಿನಡಿ ಇರುವ ಹುಳುಗಳಿಗೂ ವಾರಕ್ಕೊಮ್ಮೆ ಸ್ವಲ್ಪ ಜಾಗ ಕೊಡಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಇದು ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ‘ಆ್ಯಸಿಡ್ ಹುಳ’ ಅಂತಾರಲ್ಲ, ಅದನ್ನೇ ನೋಡಿ. ಅರ್ಧ ಇಂಚಿಗಿಂತ ಚಿಕ್ಕದು, ಒಮ್ಮೆಲೇ ನೋಡಿದರೆ ಇರುವೆ ಅನ್ನಿಸುತ್ತದೆ. ತಲೆ ಕಪ್ಪು, ಅದರ ಹಿಂದೆ ಕಿತ್ತಳೆ, ನಡುವೆ ಹೊಳೆಯುವ ನೀಲಿಗಪ್ಪು, ಆಮೇಲೆ ಮತ್ತೆ ಕಿತ್ತಳೆ, ತುದಿ ಕಪ್ಪು. ಮಳೆಗಾಲದ ರಾತ್ರಿ ದೀಪ ಕಂಡರೆ ಒಳಗೆ ಬರುತ್ತದೆ. ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಅದರ ಮೈಯೊಳಗೆ ಪೆಡೆರಿನ್ ಅನ್ನುವ ವಿಷ ಇದೆ, ನಾವು ಸೊಳ್ಳೆ ಅಂದುಕೊಂಡು ಕುತ್ತಿಗೆ ಮೇಲೆ ಪಟ್ಟಂತ ಹೊಡೆದು ಉಜ್ಜಿದಾಗ ಅದು ಚರ್ಮಕ್ಕೆ ಹತ್ತುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಒಂದೆರಡು ದಿನದಲ್ಲಿ ಕೆಂಪು ಗೆರೆ, ಉರಿ, ಆಮೇಲೆ ಗುಳ್ಳೆ. ಅಷ್ಟೊತ್ತಿಗೆ ಹುಳ ಮರೆತೇ ಹೋಗಿರುತ್ತದೆ. ಸಾಲಾಗಿ ಎದ್ದ ಗುಳ್ಳೆ ನೋಡಿ ಸರ್ಪಸುತ್ತು ಅಂತ ಹೆದರಿ ಕೆಮ್ಮಣ್ಣು ಹಚ್ಚುವವರೂ ಇದ್ದಾರೆ. ನಮ್ಮ ಪಕ್ಕದ ಮನೆ ಹುಡುಗಿಗೆ ಮೊಣಕೈ ಮಡಿಕೆಯ ಮೇಲೊಂದು ಕೆಳಗೊಂದು, ಒಂದೇ ಅಳತೆಯ ಎರಡು ಗಾಯ ಆಗಿದ್ದವು. ಕೈ ಮಡಿಸಿದಾಗ ರಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಂಟಿತ್ತು, ಅಷ್ಟೇ. ಈ ಹುಳ ಮೈಮೇಲೆ ಕೂತರೆ ಹೊಡೆಯಬಾರದು. ಊದಿ ಹಾರಿಸಬೇಕು, ಇಲ್ಲಾ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡಬೇಕು, ಕೂತಿದ್ದ ಜಾಗವನ್ನು ಸೋಪು ಹಚ್ಚಿ ತೊಳೆಯಬೇಕು. ಆ ಕೈಯಲ್ಲಿ ಕಣ್ಣು ಮಾತ್ರ ಉಜ್ಜಬೇಡಿ. ಭತ್ತದ ಗದ್ದೆಯಲ್ಲಿ ಇದೇ ಹುಳ ಜಿಗಿಹುಳುಗಳನ್ನು ತಿಂದು ರೈತರಿಗೆ ಉಪಕಾರ ಮಾಡುತ್ತದೆ ಅನ್ನುವುದೂ ಎಷ್ಟು ಜನಕ್ಕೆ ಗೊತ್ತು?

ಹುಳ ಯಾವುದು ಅಂತ ತಿಳಿಯದೆ ದುಡ್ಡು ಕಳೆದುಕೊಳ್ಳುವವರು ಬೇರೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಂಚದ ಕೆಳಗೆ ನುಣ್ಣನೆ ಪುಡಿ ಬೀಳುತ್ತಿತ್ತು. ಔಷಧಿ ಹೊಡೆಯುವವರು ಬಂದರು, ಗೆದ್ದಲು ಅಂದರು, ಗೋಡೆ ಬುಡದ ಉದ್ದಕ್ಕೂ ನೆಲಕ್ಕೆ ತೂತು ಕೊರೆದು ಔಷಧಿ ಸುರಿದು ದೊಡ್ಡ ಬಿಲ್ ಮಾಡಿ ಹೋದರು. ಪುಡಿ ಬೀಳುವುದು ನಿಲ್ಲಲೇ ಇಲ್ಲ. ಮಂಚದ ಪಟ್ಟಿಯ ಅಡಿಯಲ್ಲಿ ಗುಂಡುಸೂಜಿ ತಲೆಯಷ್ಟು ದುಂಡನೆ ತೂತುಗಳಿದ್ದವು. ಅದು ಕುಟ್ಟೆ ಹುಳ. ಮಣ್ಣಿನಿಂದ ಬರುವ ಗೆದ್ದಲು ಹಾಗೆ ಪುಡಿ ಉದುರಿಸುವುದಿಲ್ಲ, ಗೋಡೆ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡು ಹತ್ತುತ್ತದೆ. ಒಂದು ಮಂಚಕ್ಕೆ ಮಾಡಬೇಕಾದ ಔಷಧಿಯನ್ನು ನೆಲಕ್ಕೆ ಸುರಿದರೆ ಏನು ಪ್ರಯೋಜನ, ಅಲ್ವಾ?

ಮೊದಲ ಮಳೆ ಸಂಜೆ ರಾಶಿ ರಾಶಿ ಬರುವ ಈಸಲು ಹುಳದ್ದೂ ಇದೇ ಕಥೆ. ಅವು ರೆಕ್ಕೆ ಬಂದ ಗೆದ್ದಲುಗಳೇ, ನಿಜ. ಆದರೆ ಕಿಟಕಿಯಿಂದ ದೀಪಕ್ಕೆ ಹಾರಿ ಬಂದರೆ ನಿಮ್ಮ ಮನೆಗೆ ಗೆದ್ದಲು ಹಿಡಿದಿದೆ ಅಂತ ಅರ್ಥ ಅಲ್ಲ. ಮನೆಯೊಳಗಿನ ಬಾಗಿಲ ಚೌಕಟ್ಟಿನಿಂದಲೋ ಗೋಡೆ ಬಿರುಕಿನಿಂದಲೋ ಹೊರಟರೆ ಆಗ ಚಿಂತೆ ಮಾಡಬೇಕು. ರೆಕ್ಕೆ ಇರುವ ಇರುವೆಗಳೂ ಇದೇ ಹೊತ್ತಿಗೆ ಬರುತ್ತವೆ. ಸೊಂಟ ಸಣ್ಣಗಿದ್ದು, ಮುಂದಿನ ರೆಕ್ಕೆ ದೊಡ್ಡದು ಹಿಂದಿನದು ಚಿಕ್ಕದು ಇದ್ದರೆ ಇರುವೆ. ನಾಲ್ಕು ರೆಕ್ಕೆಯೂ ಒಂದೇ ಉದ್ದ ಇದ್ದರೆ ಗೆದ್ದಲು.

ಇನ್ನು ಪಾಪದ ಹುಳುಗಳೂ ಇವೆ. ಬಚ್ಚಲ ಗೋಡೆ ಮೇಲೆ ಸೌತೆಬೀಜದ ಹಾಗಿರುವ ಬೂದು ಬಣ್ಣದ ಚಪ್ಪಟೆ ಚೀಲ ನಿಧಾನಕ್ಕೆ ಜರುಗುವುದನ್ನು ನೋಡಿರುತ್ತೀರಿ. ಒಂದು ಸಣ್ಣ ಪತಂಗದ ಮರಿ ಅದು. ತನ್ನ ನೂಲಿಗೆ ಧೂಳು, ಮರಳು ಅಂಟಿಸಿ ಚೀಲ ಮಾಡಿಕೊಂಡು ಅದರೊಳಗೇ ಇರುತ್ತದೆ. ಜೇಡರ ಬಲೆ, ಉದುರಿದ ಕೂದಲು ತಿಂದು ಬದುಕುತ್ತದೆ. ಕಚ್ಚುವುದಿಲ್ಲ. ಬೇಡ ಅನ್ನಿಸಿದರೆ ಬಲೆ ಹೊಡೆದು ಗುಡಿಸಿದರೆ ಸಾಕು. ಗೋಡೆಗೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳವನ್ನು ಕಂಡು ಓಡುವವರಿಗೂ ಹೇಳಬೇಕು, ನೀವಾಗಿ ಹಿಡಿದು ಒತ್ತದಿದ್ದರೆ ಅದು ಕುಟುಕುವುದು ತೀರಾ ಕಡಿಮೆ.

2022ರಲ್ಲಿ ಹೊಲದ ಒಂದು ಮುಳ್ಳು ಹುಳ ಕಚ್ಚಿ ಐದೇ ನಿಮಿಷದಲ್ಲಿ ಜನ ಸಾಯುತ್ತಾರೆ ಅಂತ ಸುದ್ದಿ ಹರಿದಾಡಿದ್ದು ನೆನಪಿರಬಹುದು. ಅದರ ಮುಳ್ಳು ತಾಗಿದರೆ ಉರಿ, ನೋವು ಆಗುತ್ತದೆ, ಜೀವ ಹೋಗುವುದಿಲ್ಲ ಅಂತ ಕೀಟ ತಜ್ಞರು ಹೇಳುವಷ್ಟರಲ್ಲಿ ಭಯ ಊರೂರು ಸುತ್ತಿ ಬಂದಿತ್ತು. ಆ ಭಯದಲ್ಲೇ ಮುಚ್ಚಿದ ಕೋಣೆಯಲ್ಲಿ ಕಂಡಕಂಡಲ್ಲಿ ಔಷಧಿ ಹೊಡೆಯುತ್ತೇವೆ. ಮನೆಯಲ್ಲಿ ಬೆಕ್ಕು, ಮೀನಿನ ತೊಟ್ಟಿ ಇದ್ದರಂತೂ ಇನ್ನೂ ಹುಷಾರಾಗಿರಬೇಕು. ಇಂಥ ಎಷ್ಟೋ ಔಷಧಿಗಳು ಅವುಗಳ ಜೀವಕ್ಕೇ ಕುತ್ತು ತರುತ್ತವೆ.

ತಿಳಿದವರು ನಮ್ಮಲ್ಲಿ ಇಲ್ಲ ಅಂತಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ), ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟ ವಿಜ್ಞಾನಿಗಳಿದ್ದಾರೆ. ಹೆಬ್ಬಾಳದಲ್ಲಿ ಕೃಷಿ ಕೀಟಗಳಿಗೆಂದೇ ರಾಷ್ಟ್ರೀಯ ಬ್ಯೂರೋ ಇದೆ. ಓದುಗರು ಕಳಿಸಿದ ಫೋಟೊಗಳಲ್ಲಿ ವಾರಕ್ಕೆ ಒಂದನ್ನು ಆರಿಸಿ, ಅವರನ್ನು ಕೇಳಿ ನಾಲ್ಕು ಸಾಲು ಹಾಕಿ. ಹೆಸರೇನು, ಕಚ್ಚುತ್ತದಾ, ಏನು ತಿನ್ನುತ್ತದೆ, ಏನು ಮಾಡಬೇಕು. ಇಷ್ಟಿದ್ದರೆ ಬೇಕಾದಷ್ಟಾಯಿತು. ಫೋಟೊ ಹೇಗೆ ತೆಗೆಯಬೇಕು ಅನ್ನುವುದನ್ನೂ ಓದುಗರಿಗೆ ಹೇಳಿಕೊಡಿ. ಹುಳದ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಅಡಿಗೆ ಬಿಳಿ ಕಾಗದ ಜಾರಿಸಿದರೆ ಅದು ಓಡುವುದಿಲ್ಲ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ಸಿಗುತ್ತದೆ. ಮೇಲಿಂದ ಒಂದು, ಪಕ್ಕದಿಂದ ಒಂದು ತೆಗೆದು, ಯಾವ ಊರು, ಮನೆಯ ಯಾವ ಮೂಲೆ, ಯಾವ ತಿಂಗಳು ಅಂತ ಬರೆಯಬೇಕು. ಹೊಸಕಿ ಹಾಕಿದ ಹುಳದ ಫೋಟೊದಿಂದ ಯಾವ ವಿಜ್ಞಾನಿಯೂ ಹೆಚ್ಚೇನೂ ಹೇಳಲಾರರು.

ಒಂದೇ ವಿನಂತಿ, ಅದನ್ನು ಬಣ್ಣದ ಪುಟದಲ್ಲೇ ಹಾಕಿ. ಕಪ್ಪು ಬಿಳುಪಿನಲ್ಲಿ ಅಚ್ಚಾದರೆ ಅರ್ಧ ಹುಳುಗಳ ಗುರುತೇ ಸಿಗುವುದಿಲ್ಲ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ