ವಸಂತದ ಕೆಲಸಗಳಿಗೆ ಮುಂಗಡ ಸರದಿ ಮತ್ತು ಪರಿಶೀಲನಾ ಶುಲ್ಕ: ಗ್ರಾಹಕರಿಗೆ ವಿವರಣೆ

ಮಾನ್ಯ ಗ್ರಾಹಕರೇ,

ಈ ವಸಂತದಿಂದ ನಮ್ಮ ಸಹಕಾರ ಸಂಘವು ಏಸಿ ಸರ್ವಿಸ್, ನೀರಿನ ಟ್ಯಾಂಕ್ ಸ್ವಚ್ಛತೆ ಮತ್ತು ತಾರಸಿ ದುರಸ್ತಿಯ ಕೆಲಸಗಳನ್ನು ಮುಂಗಡವಾಗಿ ಹೆಸರು ಬರೆಸಿದವರಿಗೆ ಸರದಿಯ ಪ್ರಕಾರ ಮಾಡಿಕೊಡಲಿದೆ. ಕರೆ ಮಾಡಿದ ದಿನವೇ ಬರುವ ಪದ್ಧತಿಯನ್ನು ತುರ್ತು ಸಂದರ್ಭಗಳಿಗೆ ಮಾತ್ರ ಉಳಿಸಿಕೊಂಡಿದ್ದೇವೆ. ಇದರೊಂದಿಗೆ ಮೊದಲ ಭೇಟಿಗೆ ಪರಿಶೀಲನಾ ಶುಲ್ಕವನ್ನೂ ಪಡೆಯಲಿದ್ದೇವೆ; ಕೆಲಸವನ್ನು ನಮಗೇ ವಹಿಸಿದರೆ ಆ ಮೊತ್ತವನ್ನು ಅಂತಿಮ ಬಿಲ್ಲಿನಲ್ಲಿ ಕಳೆಯಲಾಗುವುದು. ಫೋನು ಮಾಡಿದರೆ ಸಾಕು, ಸಂಜೆಯೊಳಗೆ ಯಾರಾದರೂ ಬಂದೇ ಬರುತ್ತಾರೆ ಎಂದು ನಮ್ಮನ್ನು ನಂಬಿಕೊಂಡಿದ್ದವರಿಗೆ ಇದರಿಂದ ತೊಂದರೆಯಾಗುತ್ತದೆ ಎಂಬುದನ್ನು ನಾವು ಬಲ್ಲೆವು, ಅದಕ್ಕಾಗಿ ವಿಷಾದಿಸುತ್ತೇವೆ. ಆದರೂ ಈ ನಿರ್ಧಾರವನ್ನು ಹಿಂತೆಗೆದುಕೊಳ್ಳುವ ಆಲೋಚನೆ ನಮಗಿಲ್ಲ.

ಸೆಖೆ ತಟ್ಟಿದ ಮೊದಲ ವಾರದಲ್ಲೇ ಎಲ್ಲರಿಗೂ ಒಟ್ಟಿಗೆ ಏಸಿ ನೆನಪಾಗುತ್ತದೆ, ಮೊದಲ ಜೋರು ಮಳೆಯ ಮರುದಿನ ಎಲ್ಲರಿಗೂ ಒಟ್ಟಿಗೆ ತಾರಸಿ ನೆನಪಾಗುತ್ತದೆ. ಆ ಹೊತ್ತಿಗೆ ನಾವು ಎಷ್ಟು ಓಡಾಡಿದರೂ ಕೆಲವು ಕೆಲಸಗಳನ್ನು ಸರಿಯಾಗಿ ಮಾಡುವ ಕಾಲವೇ ಮೀರಿರುತ್ತದೆ. ತಾರಸಿಯ ಬಿರುಕಿಗೆ ವಾಟರ್‌ಪ್ರೂಫಿಂಗ್ ಲೇಪನ ಕಚ್ಚಿಕೊಳ್ಳಬೇಕಾದರೆ ಗಾರೆ ಪೂರ್ತಿ ಒಣಗಿರಬೇಕು, ಒಂದು ಪದರ ಆರಿದ ಮೇಲೆಯೇ ಇನ್ನೊಂದನ್ನು ಬಳಿಯಬೇಕು, ಅಷ್ಟೂ ದಿನ ಮಳೆ ಬರಬಾರದು. ಹಸಿ ಗಾರೆಯ ಮೇಲೆ ಅವಸರದಲ್ಲಿ ಬಳಿದರೆ ಒಳಗಿನ ತೇವ ಬಿಸಿಲಿಗೆ ಆವಿಯಾಗಿ, ಲೇಪನ ಬೊಬ್ಬೆಯೆದ್ದು ಕಿತ್ತುಬರುತ್ತದೆ. ಹಾಗೆ ಬಳಿದುಕೊಡಲು ಒಪ್ಪಲಿಲ್ಲವೆಂಬ ಕಾರಣಕ್ಕೆ ನಮ್ಮ ಮೇಲೆ ಸಿಟ್ಟಾದವರಿದ್ದಾರೆ. ಆ ಸಿಟ್ಟನ್ನು ನಾವು ಮುಂದೆಯೂ ಹೊತ್ತುಕೊಳ್ಳುತ್ತೇವೆ.

ಇನ್ನು ನಾವು ಪದೇ ಪದೇ ಕೇಳುತ್ತಿರುವ ದೂರಿನ ವಿಷಯ. “ಏಸಿಯನ್ನು ಸ್ವಲ್ಪ ಹೊತ್ತು ನೋಡಿ, ಗ್ಯಾಸ್ ಸರಿಯಿದೆ ಎಂದು ಹೇಳಿ ಹೋಗುವುದಕ್ಕೆ ದುಡ್ಡೇಕೆ? ಬೇರೆಯವರಾದರೆ ಪ್ರತಿವರ್ಷ ಗ್ಯಾಸ್ ತುಂಬಿಸಿಯಾದರೂ ಹೋಗುತ್ತಾರೆ” ಎಂಬುದು ಅದರ ಸಾರ. ಏಸಿಯ ಗ್ಯಾಸ್ ವಾಹನದ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಕೊಳವೆ, ಜೋಡಣೆಗಳು ಗಟ್ಟಿಯಾಗಿದ್ದರೆ ವರ್ಷಗಟ್ಟಲೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಂದಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕದೆ ಮತ್ತೆ ತುಂಬಿಸುವವರು ಮುಂದಿನ ವಸಂತದ ಬಿಲ್ಲನ್ನು ಈಗಲೇ ಬರೆದಿಟ್ಟು ಹೋದಂತೆ.

ಆ ಜಾಗವನ್ನು ಹುಡುಕುವುದು ನೀವು ತಿಳಿದಷ್ಟು ಹಗುರದ ಕೆಲಸವಲ್ಲ. ತಾಮ್ರದ ಕೊಳವೆ ಹೊರಗಿನ ಯೂನಿಟ್‌ಗೆ ಸೇರುವ ನಟ್ಟಿನ ಬಳಿ ಮೊದಲು ಎಣ್ಣೆಯ ಕಲೆಯನ್ನು ನೋಡುತ್ತೇವೆ, ಏಕೆಂದರೆ ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಒಂದಿಷ್ಟು ಹೊರಬಿದ್ದು, ಅದರ ಮೇಲೆ ಧೂಳು ಕೂತು ಕಪ್ಪಗಾಗಿರುತ್ತದೆ. ಅನುಮಾನ ಬಂದಲ್ಲಿ ಸೋಪಿನ ನೀರನ್ನು ಹಚ್ಚಿ ಕಾಯುತ್ತೇವೆ. ಸಣ್ಣ ಸೋರಿಕೆಯಾದರೆ ನಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ, ಬಹಳ ನಿಧಾನವಾಗಿ ಏಳುತ್ತವೆ. ಅಲ್ಲಿ ಏನೂ ಕಾಣದಿದ್ದರೆ ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡಬೇಕಾಗುತ್ತದೆ. ಇಷ್ಟೆಲ್ಲ ನೋಡಿದ ಮೇಲೆ “ಗ್ಯಾಸ್ ಬೇಡ, ನಿಮ್ಮ ಫಿಲ್ಟರಿಗೆ ಧೂಳು ಕಟ್ಟಿಕೊಂಡಿದೆ” ಎಂದು ಹೇಳಿ ಬರುವುದು ವ್ಯಾಪಾರದ ದೃಷ್ಟಿಯಿಂದ ಜಾಣತನವಲ್ಲದಿರಬಹುದು, ಆದರೆ ಹಾಗೆ ಹೇಳುವುದು ನಮ್ಮ ಹೆಮ್ಮೆ. ಪರಿಶೀಲನಾ ಶುಲ್ಕ ಆ ಸತ್ಯವನ್ನು ಹೇಳಿಬರಲು ಬೇಕಾಗುವ ಸಮಯದ ಬೆಲೆ. ಅದಿಲ್ಲದಿದ್ದರೆ ಬೇಡದ ಕೆಲಸವನ್ನು ಹೇರಿಯೇ ಹೊಟ್ಟೆ ಹೊರೆಯಬೇಕಾಗುತ್ತದೆ.

ಗ್ಯಾಸಿನ ದರವನ್ನು ನಾವು ಏರಿಸಿದ್ದೇವೆ ಎಂಬ ಮಾತೂ ಇದೆ. ಹಳೆಯ ಏಸಿಗಳಲ್ಲಿರುವ ಆರ್-22 ಎಂಬ ಗ್ಯಾಸ್ ಓಜೋನ್ ಪದರಕ್ಕೆ ಹಾನಿ ಮಾಡುವಂಥದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಜಗತ್ತಿನಾದ್ಯಂತ ಅದರ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸಲಾಗುತ್ತಿದೆ. ಅದರ ಬದಲಿಗೆ ಬಂದ ಆರ್-410ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವಂಥದ್ದಾದ ಕಾರಣ, ಅದೇ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯ ಪ್ರಕಾರ ಅಂಥ ಗ್ಯಾಸುಗಳ ಬಳಕೆಯನ್ನೂ ತಗ್ಗಿಸಬೇಕಾಗಿದೆ. ಹೊಸ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಆರ್-32ಕ್ಕೆ ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣವಿರುವುದರಿಂದ ಅದಕ್ಕೆ ತಕ್ಕ ಉಪಕರಣವೂ ತರಬೇತಿಯೂ ಬೇಕು. ಮೂರು ಬಗೆಯ ಗ್ಯಾಸಿಗೆ ಬೇರೆ ಬೇರೆ ಸಿಲಿಂಡರ್, ವ್ಯಾಕ್ಯೂಮ್ ಪಂಪು, ತೂಕದ ಯಂತ್ರ, ಇವೆಲ್ಲವನ್ನೂ ಕಟ್ಟಿಕೊಂಡು ಮೆಟ್ಟಿಲು ಹತ್ತುವವರು ನಾವು. ದರ ನಿಗದಿ ಮಾಡುವವರು ನಾವಲ್ಲ. ಟ್ಯಾಂಕ್ ಸ್ವಚ್ಛತೆಗೆ ಇಬ್ಬರನ್ನು ಕಳುಹಿಸಿ ಇಬ್ಬರ ಕೂಲಿ ಹಾಕುತ್ತೀರಿ ಎನ್ನುವವರಿಗೂ ಒಂದು ಮಾತು: ಮುಚ್ಚಿದ ಟ್ಯಾಂಕಿನೊಳಗೆ ಗಾಳಿ ಕಡಿಮೆಯಿರುತ್ತದೆ, ಒಳಗಿಳಿದವರನ್ನು ನೋಡುತ್ತಿರಲು ಹೊರಗೊಬ್ಬರು ಇರಲೇಬೇಕು. ಈ ಒಂದು ವಿಷಯದಲ್ಲಿ ಚೌಕಾಸಿಗೆ ಅವಕಾಶವಿಲ್ಲ.

ಪರಿಶೀಲನಾ ಶುಲ್ಕ ಬೇಡವೆನ್ನುವವರು ನಮ್ಮನ್ನು ಕರೆಯುವ ಮುನ್ನ ತಾವೇ ಮಾಡಿಕೊಳ್ಳಬಹುದಾದ ಕೆಲಸಗಳಿವೆ. ಏಸಿಯ ಸ್ವಿಚ್ ಆರಿಸಿ, ಫಿಲ್ಟರನ್ನು ತೆಗೆದು, ನಲ್ಲಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ಹಾಕಿದರೆ ಅರ್ಧಕ್ಕರ್ಧ ದೂರುಗಳು ಅಲ್ಲಿಗೇ ಮುಗಿಯುತ್ತವೆ ಎಂಬುದು ನಮ್ಮ ಅನುಭವ. ತಾರಸಿಯಿಂದ ನೀರು ಹೊರಹೋಗುವ ಬಾಯಲ್ಲಿ ಒಣ ಎಲೆಗಳು ಸಿಕ್ಕಿಕೊಂಡಿಲ್ಲವೇ ನೋಡಿ. ಒಂದು ಬಕೆಟ್ ನೀರು ಸುರಿದರೆ ತಿಳಿದುಹೋಗುತ್ತದೆ. ಹೂಕುಂಡದ ಕೆಳಗಿನ ತಟ್ಟೆಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಸಾಲದು, ಒಳಬದಿಯನ್ನು ತಿಕ್ಕಲೂ ಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿಗೆ ಅಂಟಿಸುವ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಮರಿಯಾಗುತ್ತವೆ. ಟ್ಯಾಂಕನ್ನು ತಾವೇ ತೊಳೆಯುವವರು ಬ್ಲೀಚಿಂಗ್ ಪೌಡರಿನೊಂದಿಗೆ ಆಸಿಡ್ ಅನ್ನು ಯಾವ ಕಾರಣಕ್ಕೂ ಬೆರೆಸಬಾರದು; ಅದರಿಂದ ಹೊಮ್ಮುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ. ಕಿಟಕಿಗೆ ತಾಗುವ ಕೊಂಬೆಯನ್ನು ಕಡಿಸಬೇಕೆಂದಿರುವವರು ಮೊದಲು ಗೂಡಿದೆಯೇ ಎಂದು ನೋಡಿಕೊಳ್ಳಿ. ಮರಿಗಳು ಹಾರಿಹೋಗುವವರೆಗೆ ನಮ್ಮವರು ಆ ಕೊಂಬೆಯನ್ನು ಮುಟ್ಟುವುದಿಲ್ಲ.

ಹೆಸರು ಬರೆಸುವಾಗ ತಾರಸಿಯ ಕೆಲಸವನ್ನು ಎಲ್ಲಕ್ಕಿಂತ ಮೊದಲು, ಟ್ಯಾಂಕನ್ನು ಅದರ ನಂತರ ಇಟ್ಟುಕೊಳ್ಳಿ, ಏಸಿಯನ್ನು ಸೆಖೆ ಏರುವ ಮೊದಲೇ ಮುಗಿಸಿಕೊಳ್ಳಿ. ಟ್ಯಾಂಕಿನ ದಿನಕ್ಕೆ ಬೇಕಾಗುವಷ್ಟು ನೀರನ್ನು ಹಿಂದಿನ ರಾತ್ರಿಯೇ ಪಾತ್ರೆಗಳಲ್ಲಿ ಹಿಡಿದಿಡಿ. ಒಂದೇ ಕಟ್ಟಡದ ಮನೆಯವರು ಸೇರಿ ಒಂದೇ ದಿನ ನಿಗದಿ ಮಾಡಿಕೊಂಡರೆ ಎಲ್ಲರಿಂದಲೂ ಒಟ್ಟಿಗೆ ಒಂದೇ ಪರಿಶೀಲನಾ ಶುಲ್ಕವನ್ನು ಪಡೆಯುತ್ತೇವೆ.

ಮನೆಯಲ್ಲಿ ಹಸುಗೂಸು, ಹಾಸಿಗೆ ಹಿಡಿದವರು ಅಥವಾ ಒಂಟಿಯಾಗಿರುವ ಹಿರಿಯರು ಇದ್ದರೆ ಫೋನಿನಲ್ಲಿ ಸಂಕೋಚವಿಲ್ಲದೆ ತಿಳಿಸಿ. ಅಂಥ ಕರೆಗಳು ಸರದಿಗೆ ಕಾಯುವುದಿಲ್ಲ, ಅವುಗಳಿಗೆ ಪರಿಶೀಲನಾ ಶುಲ್ಕವೂ ಇಲ್ಲ. ನಿಮ್ಮ ಮನೆಗೆ ಈವರೆಗೆ ಬರುತ್ತಿದ್ದವರೇ ಇನ್ನು ಮುಂದೆಯೂ ಬರುತ್ತಾರೆ, ಮೊದಲೇ ತಿಳಿಸಿದ ದಿನಕ್ಕೆ ಬರುತ್ತಾರೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಸಂಘದ ಎಲ್ಲ ಸದಸ್ಯರ ಪರವಾಗಿ